ಉಪದೇಶಿಗಳು ಕೊಟ್ಟ ಮಾತು

ಉಪದೇಶಿ ಜೀವರತ್ನಯ್ಯನವರ ಬಾಯಿಂದ ‘ನಾಳೆ ಬರ್ತೀನಿ’ ಎಂಬ ಮಾತನ್ನು ಹೊರಡಿಸುವುದು ನಮ್ಮೂರಿನಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ. ಕೆಲಸಕ್ಕೆ ಕರೆದರೆ ‘ನೋಡಾಣ’ ಅನ್ನುವರು. ಮದುವೆಗೆ ಕರೆದರೆ ‘ದೇವರ ಚಿತ್ತ ಇದ್ರೆ’ ಅನ್ನುವರು. ಮಾರನೆಯ ದಿನ ಎಲ್ಲರಿಗಿಂತ ಮೊದಲು ಬಂದು ನಿಂತಿರುತ್ತಿದ್ದರು, ಅದು ಬೇರೆ ಮಾತು. ನಮ್ಮಮ್ಮ ಒಮ್ಮೆ ರೇಗಿ, ‘ಬರೋದಂತೂ ಬರ್ತೀರ. ಬರ್ತೀನಿ ಅಂತ ಬಾಯ್ಬಿಟ್ಟು ಅಂದ್ರೆ ನಿಮ್ದೇನು ಗಂಟು ಹೋಗುತ್ತೆ?’ ಎಂದು ಕೇಳಿಯೇಬಿಟ್ಟಳು. ಅವರು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಾ, ‘ಅಂದ್ಬಿಟ್ರೆ ಬರ್ಲೇಬೇಕಾಗುತ್ತಲ್ಲಮ್ಮಾ. ಅದಕ್ಕೇ ಭಯ’ ಎಂದರು.

ಗಿಡ್ಡ ಆಳು, ಕಪ್ಪು ಬಣ್ಣ, ಮೊಣಕಾಲಿನ ತನಕ ಎತ್ತಿ ಕಟ್ಟಿದ ಬಿಳಿ ಪಂಚೆ. ಎಡಗೈ ಹೆಬ್ಬೆರಳಿನ ತುಂಬ ಚಾಕುವಿನ ಗೀರುಗಳು. ಹೊಸಕೋಟೆ ತಾಲ್ಲೂಕಿನಲ್ಲಿ, ಅನುಗೊಂಡನಹಳ್ಳಿ ದಾಟಿದ ಮೇಲೆ ರಸ್ತೆಯ ಪಕ್ಕದಲ್ಲಿ ನಮ್ಮಪ್ಪ ಮಾಡಿದ್ದ ನರ್ಸರಿಯಲ್ಲಿ ಅವರು ವಾರಕ್ಕೆ ಆರು ದಿನ ಮಾವಿನ ಸಸಿಗಳಿಗೆ ಕಸಿ ಕಟ್ಟುತ್ತಿದ್ದರು. ಭಾನುವಾರ ಊರ ಕೊನೆಯಲ್ಲಿದ್ದ ಶೀಟಿನ ಪ್ರಾರ್ಥನಾ ಮಂದಿರದಲ್ಲಿ ಇಪ್ಪತ್ತು ಮನೆಗಳ ಸಭೆಗೆ ಉಪದೇಶ ಮಾಡುತ್ತಿದ್ದರು. ಪಾದ್ರಿಗಳು ತಿಂಗಳಿಗೊಮ್ಮೆ ಪಟ್ಟಣದಿಂದ ಬಂದು ಹೋಗುವವರು. ಉಳಿದಂತೆ ಹುಟ್ಟು, ಸಾವು, ಜಗಳ, ಜ್ವರ ಎಲ್ಲಕ್ಕೂ ಇವರೇ. ಹೆಂಡತಿ ಬಹಳ ಮುಂಚೆಯೇ ತೀರಿಕೊಂಡಿದ್ದರು. ಒಬ್ಬಳೇ ಮಗಳು ಕೃಪಾ, ನನ್ನ ಓರಗೆಯವಳು. ನಾವು ಒಕ್ಕಲಿಗರು, ಅವರು ಕ್ರೈಸ್ತರು. ಆದರೂ ಸ್ಕೂಲು ಬಿಟ್ಟೊಡನೆ ಅವಳೂ ನಾನೂ ನರ್ಸರಿಯ ಹಸಿರು ಬಲೆಯ ನೆರಳಿನಲ್ಲಿ ಅವರ ಎರಡು ಪಕ್ಕಕ್ಕೆ ಕೂತು ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ ಕೊಡುತ್ತಿದ್ದೆವು. ನಾನು ಅವರನ್ನು ಮಾಮ ಎನ್ನುತ್ತಿದ್ದೆ. ಅವರೇ ಕಲಿಸಿದ ಕಸಿಯಿಂದ ಇವತ್ತು ನಾನು ಆ ನರ್ಸರಿಯನ್ನು ನಡೆಸಿಕೊಂಡು ಅನ್ನ ತಿನ್ನುತ್ತಿದ್ದೇನೆ.

ಕೈ ಕೆಲಸಕ್ಕೆ ಹತ್ತಿದರೆ ಅವರ ಬಾಯಿ ಕತೆಗೆ ಹತ್ತುತ್ತಿತ್ತು. ದೇವರು ಅಬ್ರಹಾಮನಿಗೆ ಕೊಟ್ಟ ಮಾತು, ಅವನ ವಂಶದ ಇಸ್ರಾಯೇಲರೊಂದಿಗೆ ಬೆಟ್ಟದ ಮೇಲೆ ಮಾಡಿಕೊಂಡ ಒಡಂಬಡಿಕೆ, ಅವರು ಅದನ್ನು ಮುರಿದದ್ದು, ದೇವರು ಮತ್ತೆ ಕರೆದದ್ದು, ಅವರು ಮತ್ತೆ ಮುರಿದದ್ದು. ‘ಎಷ್ಟು ಸಲ ಮಾಮ ಮುರಿಯೋದು?’ ಎಂದು ನಾನು ಬೇಸತ್ತು ಕೇಳಿದರೆ, ‘ಎಣಿಸ್ಬೇಡ ಮಗಾ, ದೇವ್ರೇ ಎಣಿಸಿಲ್ಲ’ ಅನ್ನುವರು.

ಎಲ್ಲೋ ದೂರದ ಇಸ್ರಾಯೇಲರಿಗೆ ಕೊಟ್ಟ ಮಾತಿನಲ್ಲಿ ನಮ್ಮ ಹೊಸಕೋಟೆ ಕಡೆಯವರಿಗೆ ಏನು ಪಾಲು ಎಂಬುದನ್ನು ಅವರು ಕೈಯಲ್ಲಿದ್ದ ಸಸಿಯಲ್ಲೇ ತೋರಿಸುತ್ತಿದ್ದರು. ಕಸಿಯಲ್ಲಿ ಬೇರು ಕಾಡುಮಾವಿನದು, ಮೇಲೆ ಕಟ್ಟುವ ಕಡ್ಡಿ ಬಾದಾಮಿಯದೋ ರಸಪುರಿಯದೋ. ಸಸಿಯ ತಲೆ ಹಾರಿಸಿ, ಕಾಂಡವನ್ನು ಸೀಳಿ, ಬೆಣೆಯ ಹಾಗೆ ಚೂಪು ಮಾಡಿದ ಒಳ್ಳೆಯ ಕಡ್ಡಿಯನ್ನು ಆ ಸೀಳಿನಲ್ಲಿ ಕೂರಿಸಿ ಬಿಗಿಯಾಗಿ ಪಟ್ಟಿ ಸುತ್ತುತ್ತಾರೆ. ‘ದೇವ್ರು ಮಾಡಿದ್ದು ಉಲ್ಟಾ ಕೆಲ್ಸ ಕಣಮ್ಮಾ’ ಅನ್ನುವರು. ‘ಬೇರು ಒಳ್ಳೇದು, ಇಸ್ರಾಯೇಲ್ರದು. ಅದಕ್ಕೆ ತಂದು ಕಟ್ಟಿದ್ದು ಕಾಡುಕಡ್ಡೀನ, ನಮ್ಮಂಥೋರ್ನ. ಯಾವ ತೋಟಗಾರ ಮಾಡ್ತಾನೆ ಹೇಳು? ನಿಮ್ಮಪ್ಪ ಕಂಡ್ರೆ ನನ್ನ ಒದ್ದು ಓಡುಸ್ತಾರೆ. ಅದಕ್ಕೇ ಅದನ್ನ ಕೃಪೆ ಅನ್ನೋದು. ಕಟ್ಟಿಸ್ಕೊಂಡ ಕಡ್ಡಿ ಬೇರಿನ ಮುಂದೆ ಜಂಬ ಕೊಚ್ಕೋಬಾರ್ದು, ಅಷ್ಟೇ.’ ಮಗಳಿಗೆ ಆ ಹೆಸರಿಟ್ಟದ್ದೂ ಅದಕ್ಕೇ ಎಂದು ಅವಳ ತಲೆ ಸವರುತ್ತಿದ್ದರು.

ಇದಕ್ಕೆ ಎದುರು ಹೇಳುವವರು ಒಬ್ಬರಿದ್ದರು, ಬಾಷಾ ಸಾಹೇಬರು. ಹೊಸಕೋಟೆಯವರು, ನಮ್ಮ ಸಸಿಗಳನ್ನು ತಮ್ಮ ಟೆಂಪೋದಲ್ಲಿ ಕೋಲಾರದ ಕಡೆಗೆ ಸಾಗಿಸುತ್ತಿದ್ದರು. ಲೋಡು ತುಂಬುವ ತನಕ ಮಾಮನ ಎದುರು ಕುಕ್ಕರಗಾಲಲ್ಲಿ ಕೂತು, ‘ನೀವು ಕಟ್ಟಿಸ್ಕೊಂಡೋರು ಉಪದೇಶಿಗಳೇ. ನಾವು ನಿಮ್ಮ ಅಬ್ರಹಾಮ, ನಮ್ಮ ಇಬ್ರಾಹಿಂ, ಅವರ ದೊಡ್ಡ ಮಗ ಇಸ್ಮಾಯಿಲರ ಕಡೆಯೋರು. ನಮಗೆ ಕಸಿ ಯಾಕೆ?’ ಎಂದು ಕೆಣಕುವರು. ‘ನೀವು ಹೊಸಕೋಟೆ ಕಡೆಯೋರು ಸಾಹೇಬ್ರೆ, ಅರಬಸ್ತಾನದ ಕಡೆಯೋರಲ್ಲ’ ಎಂದು ಮಾಮ. ಆಗ ಬಾಷಾ ಸಾಹೇಬರು ನಗು ಬಿಟ್ಟು ಹೇಳುವರು: ‘ರಕ್ತದ ಮಾತಲ್ಲ ಇದು. ನನ್ನ ಮಕ್ಳಿಗೂ ಈ ಒಡಂಬಡಿಕೆ ನಡೆಯುತ್ತಾ ಅಂತ ಇಬ್ರಾಹಿಂ ಕೇಳಿದ್ರೆ, ಅನ್ಯಾಯ ಮಾಡೋ ಮಕ್ಳಿಗೆ ನಡಿಯಲ್ಲ ಅಂದ್ಬಿಟ್ಟ ಅಲ್ಲಾಹು. ತಲೆ ಬಗ್ಸಿದೋನಿಗೆ ಸಿಗುತ್ತೆ, ಯಾರ ಮಗ ಆದ್ರೇನು?’ ಮಾಮ ಪಟ್ಟಿಯ ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದು ಗಂಟು ಹಾಕುತ್ತಾ, ‘ಮಕ್ಳು ಅನ್ಯಾಯ ಮಾಡಿದ್ರೂ ಕೈ ಬಿಡ್ದೇ ಇರೋನಿಗೇ ಅಲ್ವಾ ಸಾಹೇಬ್ರೆ ಅಪ್ಪ ಅನ್ನೋದು’ ಎಂದು ಉತ್ತರ ಕೊಡುತ್ತಿದ್ದರು. ಇಬ್ಬರೂ ಸೋಲುತ್ತಿರಲಿಲ್ಲ. ಅಮ್ಮ ಟೀ ತಂದರೆ ವಾದ ನಿಲ್ಲುತ್ತಿತ್ತು.

ಇಬ್ಬರೂ ಒಂದಾಗುತ್ತಿದ್ದುದು ಹಾಗರಳ ಕತೆಯಲ್ಲಿ. ಅಬ್ರಹಾಮನ ಮನೆಯ ದಾಸಿ ಅವಳು, ಅವನ ದೊಡ್ಡ ಮಗನನ್ನು ಹೆತ್ತವಳು. ಅವನು ತಾಯಿ ಮಗನಿಬ್ಬರನ್ನೂ ರೊಟ್ಟಿ, ನೀರು ಕೊಟ್ಟು ಮರಳುಗಾಡಿಗೆ ಕಳಿಸಿಬಿಟ್ಟ. ನೀರು ಮುಗಿದಾಗ ಅವಳು ಮಗುವನ್ನು ಪೊದೆಯ ಕೆಳಗೆ ಬಿಟ್ಟು, ಅದು ಸಾಯುವುದನ್ನು ನೋಡಲಾರದೆ ದೂರ ಹೋಗಿ ಕೂತಳು. ಇಲ್ಲಿಗೆ ಬಂದರೆ ಮಾಮ ಚಾಕು ಕೆಳಗಿಡುತ್ತಿದ್ದರು. ‘ಆಚೆ ಕಳ್ಸಿದ್ದು ಅಬ್ರಹಾಮ. ಹಿಂದೇನೇ ಹೋಗಿ ನೀರು ತೋರ್ಸಿದ್ದು ದೇವ್ರು’ ಎನ್ನುತ್ತಿದ್ದರು. ಬಾಷಾ ಸಾಹೇಬರು ಅವಳನ್ನು ಹಾಜಿರಾ ಬೀಬಿ ಎನ್ನುತ್ತಿದ್ದರು. ಅವರ ಅಣ್ಣ ಹಜ್ಜಿನಿಂದ ತಂದ ಜಮ್‌ಜಮ್ ನೀರನ್ನು ಚಿಕ್ಕ ಬಾಟಲಿಯಲ್ಲಿ ತಂದುಕೊಟ್ಟಾಗ ಮಾಮ ಅದನ್ನು ಕಣ್ಣಿಗೊತ್ತಿಕೊಂಡು ಕುಡಿದು, ಉಳಿದ ಗುಟುಕನ್ನು ಕೃಪಾಳಿಗೆ ಕುಡಿಸಿದರು. ‘ಹಾಗರಳಿಗೆ ಕೊಟ್ಟ ನೀರು ಅಂದ್ಮೇಲೆ ನಮ್ಗೂ ಸೇರಿದ್ದೇ’ ಎಂದರು.

ಮಾತಿಗೆ ಅವರು ಅಂಜುತ್ತಿದ್ದರು ಎಂದೆನಲ್ಲ, ಅದು ಯಾಕೆಂದು ಒಮ್ಮೆ ಕಣ್ಣಾರೆ ಕಂಡೆ. ನಾನು ಪಿಯುಸಿಯಲ್ಲಿದ್ದಾಗ ದೊಡ್ಡದೊಂದು ಆರ್ಡರು ಬಂದಿತ್ತು. ಅಪ್ಪ ಬಿಡದೆ ಕಾಡಿ, ಸೋಮವಾರ ಬಂದೇ ಬರುತ್ತೇನೆಂದು ಅವರಿಂದ ಮಾತು ತೆಗೆದುಕೊಂಡ. ಸೋಮವಾರ ಜಡಿಮಳೆ; ಅವರಿಗೆ ಕೆಂಡದಂಥ ಜ್ವರ. ಬಂದರು. ಕೃಪಾ ಕೊಡೆ ಹಿಡಿದು ಹಿಂದೆಯೇ ಅಳುತ್ತಾ ಬಂದಳು. ಅಪ್ಪ ಎಷ್ಟು ಹೇಳಿದರೂ ಕೇಳದೆ, ನಡುಗುವ ಕೈಯಲ್ಲಿ ಸಂಜೆಯವರೆಗೂ ಕಟ್ಟಿದರು. ಒಂದು ತಿಂಗಳಿಗೆ ಪಟ್ಟಿ ಬಿಚ್ಚಿ ನೋಡಿದರೆ ಆ ದಿನದ ಕಸಿ ಒಂದೂ ಹತ್ತಿರಲಿಲ್ಲ, ಕಡ್ಡಿಗಳೆಲ್ಲ ಕಪ್ಪಾಗಿದ್ದವು. ಅಪ್ಪ, ‘ಇನ್ನೆರಡು ದಿನ ಬಿಟ್ಟು ಬಂದಿದ್ರೆ ಸಸಿ ಉಳೀತಿದ್ವಲ್ಲ ಉಪದೇಶಿಗಳೇ’ ಎಂದ. ‘ಸೋಮವಾರ ಅಂದಿದ್ನಲ್ಲ’ ಎಂದರು ಅವರು. ನಾವೆಲ್ಲ ಅದನ್ನು ಬಹಳ ದಿನ ಹೇಳಿಕೊಂಡು ನಗುತ್ತಿದ್ದೆವು.

ಕೋವಿಡ್ ಕಳೆದ ವರ್ಷ ಕೃಪಾ ಬಾಷಾ ಸಾಹೇಬರ ಮಗ ಸಲೀಮನನ್ನು ಮದುವೆಯಾದಳು. ಇಬ್ಬರೂ ಹೊಸಕೋಟೆಯ ಹತ್ತಿರದ ಒಂದು ಗೋಡೌನಿನಲ್ಲಿ ಬಿಲ್ಲಿಂಗ್ ಕೆಲಸಕ್ಕಿದ್ದರು. ಹೇಳಿ ಕೇಳಿ ಒಪ್ಪಿಸುವ ಧೈರ್ಯ ಅವಳಿಗಿತ್ತು, ಮಾಮ ಒಪ್ಪಲಿಲ್ಲ. ವಾದಕ್ಕೆ ಕೂರುವುದು ಬೇರೆ, ಹೆಣ್ಣು ಕೊಟ್ಟು ತರುವುದು ಬೇರೆ ಎಂಬುದು ಎರಡು ಮನೆಯಲ್ಲೂ ಇದ್ದದ್ದೇ. ಬಾಷಾ ಸಾಹೇಬರು ಆರು ತಿಂಗಳು ಮಗನೊಂದಿಗೆ ಮಾತು ಬಿಟ್ಟು, ಕೊನೆಗೆ ಸೋತು ನಿಕಾಹ್ ಮಾಡಿಸಿದರು. ಅವಳು ತಾನೇ ಹಾಜಿರಾ ಎಂಬ ಹೆಸರು ಆರಿಸಿಕೊಂಡಳು. ‘ಅಪ್ಪಂಗೆ ಅರ್ಥ ಆಗುತ್ತೆ ಬಿಡು ಸಾವಿತ್ರಿ. ಆ ಹೆಸರು ಕೇಳಿದ್ರೆ ಕರಗಿಬಿಡ್ತಾರೆ’ ಎಂದು ಫೋನಿನಲ್ಲಿ ಹೇಳಿದಳು. ಅವಳಪ್ಪನನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು ಎಂದು ನಾನೂ ನಂಬಿದೆ.

ನಿಕಾಹ್ ಆದ ಮುಂದಿನ ಭಾನುವಾರ ಸಭೆಯ ಹಿರಿಯರು ಮಾಮನನ್ನು ಎದುರಿಗೆ ನಿಲ್ಲಿಸಿ ಕೇಳಿದರು: ‘ಉಪದೇಶಿಗಳ ಮಗಳೇ ಹಿಂಗೆ ಮಾಡಿದ್ರೆ ನಾವು ನಮ್ಮ ಮಕ್ಳಿಗೆ ಏನ್ ಹೇಳಾಣ? ಸಭೆ ಮುಂದೆ ಏನಾದ್ರೂ ಒಂದು ಹೇಳ್ಬೇಕು ನೀವು.’ ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಕಪ್ಪು ರಟ್ಟಿನ ಪುಸ್ತಕದ ಮೇಲೆ ಕೈಯಿಟ್ಟರು. ‘ದೇವರ ಮುಂದೆ ಹೇಳ್ತೀನಿ. ನಾನು ಬದುಕಿರೋವರ್ಗೂ ಅವಳ ಮುಖ ನೋಡಲ್ಲ’ ಎಂದರು. ಅಷ್ಟು ಯಾರೂ ಕೇಳಿರಲಿಲ್ಲ. ಕೇಳಿದ ಹಿರಿಯರ ಮುಖವೇ ಸಣ್ಣಗಾಯಿತು.

ಆ ವಾರವೇ ಕೇಸರಿ ಶಾಲು ಹೊದ್ದ ಆರೇಳು ಹುಡುಗರು ಬೈಕಿನಲ್ಲಿ ಅವರ ಮನೆಗೆ ಬಂದರು. ಮೂರು ತಿಂಗಳ ಹಿಂದೆ ಪ್ರಾರ್ಥನೆಯ ನಡುವೆ ನುಗ್ಗಿ ಮತಾಂತರ ಮಾಡುತ್ತೀರೆಂದು ಮೈಕ್ ಕಿತ್ತವರೇ ಇವರು. ಈಗ, ‘ಒಂದು ಕಂಪ್ಲೇಂಟ್ ಬರ್ದುಕೊಡಿ ಅಂಕಲ್, ಹುಡುಗೀನ ನಾವು ವಾಪಸ್ ತರ್ತೀವಿ’ ಎಂದರು. ಮಾಮ ಅವರಿಗೆ ನೀರು ಕೊಟ್ಟು, ‘ಅವಳು ಕಳ್ದು ಹೋಗಿಲ್ಲಪ್ಪಾ, ಹೋಗಿರೋದು ನನ್ನ ಸ್ನೇಹಿತನ ಮನೆಗೆ’ ಎಂದು ಕಳಿಸಿದರು. ಇದನ್ನು ಕೇಳಿ ನನಗೆ ಆಸೆ ಹುಟ್ಟಿತು. ಮಾರನೆಯ ದಿನವೇ ಹೋಗಿ ಹಿಡಿದುಕೊಂಡೆ. ‘ಇಸ್ರಾಯೇಲ್ರು ಎಷ್ಟು ಸಲ ಮುರಿದ್ರೂ ದೇವ್ರು ಮುಖ ತಿರುಗಿಸ್ಲಿಲ್ಲ ಅಂತ ನೀವೇ ಹೇಳ್ತಿದ್ರಲ್ಲ ಮಾಮ? ಹಾಗರಳನ್ನ ಕಳ್ಸಿದ್ದು ಅಬ್ರಹಾಮನ ತಪ್ಪು ಅಂತಿದ್ರಲ್ಲ?’

‘ಅವನು ದೇವ್ರು ಕಣಮ್ಮಾ’ ಎಂದರು. ‘ಮುರಿದೋರ್ನ ಕ್ಷಮಿಸೋದು ಅವನ ಕೆಲ್ಸ. ಮುರೀದೇ ಇರೋದು ನನ್ನ ಕೆಲ್ಸ. ನಾನೂ ಮುರಿದ್ರೆ ಆ ಪುಸ್ತಕದ ಮೇಲೆ ಇನ್ನು ಯಾವ ಕೈ ಇಟ್ಟು ಪ್ರಾರ್ಥನೆ ಮಾಡ್ಲಿ?’

ಅದಕ್ಕೆ ಉತ್ತರ ನನಗೆ ಇವತ್ತು ಹೊಳೆಯುತ್ತದೆ, ಆದರೆ ಅದರಿಂದ ಯಾರಿಗೇನು ಉಪಯೋಗ.

ಎರಡು ವರ್ಷ ಕಳೆಯಿತು. ಕೃಪಾಳ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಕೂದಲು ಹೋಯಿತು, ಆಮೇಲೆ ಅದು ಬೆನ್ನುಮೂಳೆಗೂ ಹಬ್ಬಿತು. ಬಾಷಾ ಸಾಹೇಬರು ಎರಡು ಸಲ ಮಾಮನ ಬಾಗಿಲಿಗೆ ಬಂದು ಕರೆದರು. ‘ಬೈದು ಹೋಗೋಕಾದ್ರೂ ಬನ್ನಿ’ ಎಂದರು. ಮಾಮ ಅವರ ಎರಡು ಕೈ ಹಿಡಿದುಕೊಂಡು ಅತ್ತರೇ ಹೊರತು ಹೊರಡಲಿಲ್ಲ. ನಾನು ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗುತ್ತಿದ್ದೆ. ಪ್ರತಿ ಸಲವೂ ಅವಳು ನನ್ನ ಬೆನ್ನ ಹಿಂದೆ ಬಾಗಿಲ ಕಡೆ ನೋಡುತ್ತಿದ್ದಳು. ಆಮೇಲೆ ಏನೂ ಆಗದವಳಂತೆ ನರ್ಸರಿಯ ಸುದ್ದಿ ಕೇಳುತ್ತಿದ್ದಳು.

ಒಂದು ಶುಕ್ರವಾರ ಬೆಳಿಗ್ಗೆ ಮಾಮ ತಾವಾಗಿಯೇ ನರ್ಸರಿಗೆ ಬಂದು, ‘ನಡಿ, ಕರ್ಕೊಂಡೋಗು’ ಎಂದರು. ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ದೇವರಿಗೆ ಕೈ ಮುಗಿಯುತ್ತಾ ಗಾಡಿ ಓಡಿಸಿದೆ, ಯಾವ ದೇವರಿಗೆ ಎಂದು ನೋಡಲಿಲ್ಲ. ವಾರ್ಡಿನ ಬಾಗಿಲಿಗೆ ಬಂದಾಗ ಅವರು ನಿಂತು ಹೆಗಲಿನ ಟವೆಲ್ಲನ್ನು ತೆಗೆದು ಎರಡು ಮಡಿಕೆ ಮಾಡಿ ಕಣ್ಣಿಗೆ ಕಟ್ಟಿಕೊಂಡರು. ಕಸಿಗೆ ಪಟ್ಟಿ ಕಟ್ಟುವಷ್ಟೇ ಬಿಗಿಯಾಗಿ ಹಿಂದೆ ಗಂಟು ಹಾಕಿದರು. ‘ಈಗ ಕೈ ಹಿಡ್ಕೋ’ ಎಂದರು. ಇದನ್ನು ಯೋಚಿಸಿಕೊಂಡೇ ಬಂದಿದ್ದಾರೆಂದು ನನಗೆ ಆಗ ತಿಳಿಯಿತು. ಅಕ್ಕಪಕ್ಕದ ಹಾಸಿಗೆಯವರೆಲ್ಲ ನೋಡುತ್ತಿದ್ದರು. ನಾನು ಅವರನ್ನು ಕುರುಡರನ್ನು ನಡೆಸುವಂತೆ ನಡೆಸಿಕೊಂಡು ಹೋಗಿ ಅವಳ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದೆ.

‘ಯಾಕಪ್ಪಾ ಕಣ್ಣು ಕಟ್ಕೊಂಡಿದ್ದೀಯ? ಅಷ್ಟು ಕೆಟ್ಟದಾಗಿ ಕಾಣ್ತೀನಿ ಅಂತ ಸಾವಿತ್ರಿ ಹೇಳಿದ್ಲಾ?’ ಎಂದಳು ಕೃಪಾ.

‘ಮಾತು ಕೊಟ್ಟಿದ್ದೀನಿ ಮಗಾ.’

‘ಯಾರಿಗೆ?’

‘ದೇವ್ರಿಗೆ.’

‘ಅವನು ಕೇಳಿದ್ನಾ?’

ಮಾಮ ಕೈ ಚಾಚಿ ತಡಕಾಡಿದರು. ಅವಳು ಆ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡಳು. ಬೆರಳುಗಳು ಸ್ಕಾರ್ಫಿನ ಕೆಳಗಿನ ಬೋಳು ತಲೆಯನ್ನು, ಹಣೆಯನ್ನು, ಗುಳಿಬಿದ್ದ ಕೆನ್ನೆಯನ್ನು ಸವರುತ್ತಾ ಬಂದು ಗದ್ದದ ಮೇಲೆ ನಿಂತವು. ‘ಬಿಚ್ಚಪ್ಪಾ. ಒಂದೇ ಒಂದು ಸಲ’ ಎಂದಳು. ಟವೆಲ್ಲು ಒದ್ದೆಯಾಗುತ್ತಿದ್ದುದು ನನಗೆ ಕಾಣುತ್ತಿತ್ತು. ಅವರು ಗಂಟಿನ ಹತ್ತಿರಕ್ಕೆ ಕೈಯನ್ನು ಒಯ್ದರು ಕೂಡ. ಆಮೇಲೆ ಇಳಿಸಿದರು. ಅವಳು ಮತ್ತೆ ಕೇಳಲಿಲ್ಲ, ಒಂದು ಗಂಟೆ ಅವರ ಹೆಬ್ಬೆರಳನ್ನು ಹಿಡಿದುಕೊಂಡು ಮಲಗಿದ್ದಳು.

ಹನ್ನೊಂದು ದಿನ ಕಳೆದ ಮೇಲೆ ಹೋದಳು.

ಬಾಷಾ ಸಾಹೇಬರ ಮನೆಯ ಒಳಕೋಣೆಯಲ್ಲಿ ಹೆಂಗಸರು ಅವಳಿಗೆ ಸ್ನಾನ ಮಾಡಿಸಿ ಬಿಳಿ ಬಟ್ಟೆ ಸುತ್ತಿದರು. ನನ್ನನ್ನು ಯಾರೂ ಆಚೆ ಹೋಗೆನ್ನಲಿಲ್ಲ; ತಲೆಗೆ ಸೆರಗು ಹೊದ್ದು ಗೋಡೆಗೆ ಒರಗಿ ನಿಂತಿದ್ದೆ. ಕೊನೆಯ ಸಲ ಮುಖ ನೋಡಲು ಹತ್ತಿರದ ಗಂಡಸರನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟರು. ಸಲೀಮ ನೋಡಿದ. ಬಾಷಾ ಸಾಹೇಬರು ನೋಡಿ, ಹೊರಗೆ ಹೋಗಿ ಮಾಮನ ಕೈ ಹಿಡಿದು ಕರೆತಂದರು. ‘ಇನ್ನು ಮುಚ್ಚಿಬಿಡ್ತಾರೆ ಉಪದೇಶಿಗಳೇ’ ಎಂದರು. ಈ ಸಲ ಟವೆಲ್ಲಿರಲಿಲ್ಲ. ಅವರು ರೆಪ್ಪೆಗಳನ್ನು ಒತ್ತಿ ಮುಚ್ಚಿಕೊಂಡು ನಿಂತಿದ್ದರು.

ಬಾಷಾ ಸಾಹೇಬರು ಬಟ್ಟೆಯ ಅಂಚು ಹಿಡಿದುಕೊಂಡು ಬಗ್ಗಿ ಕಾಯುತ್ತಿದ್ದರು. ‘ನಿಮ್ಮ ಕಡೆಯಿಂದಾಗ್ಲಿ ನಮ್ಮ ಕಡೆಯಿಂದಾಗ್ಲಿ, ಮೇಲಿರೋನು ಇದನ್ನ ಕೇಳಿಲ್ಲ. ಕಣ್ಣು ಬಿಡಿ’ ಎಂದರು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಹರಿದಾಡುತ್ತಿದ್ದವು. ಮಾಮ ತಲೆಯಾಡಿಸಿದರು. ಬಾಷಾ ಸಾಹೇಬರು ಬಟ್ಟೆಯನ್ನು ಇಳಿಸಿದರು.

ಅದರ ನಂತರದ ಭಾನುವಾರ ಸಭೆಯಲ್ಲಿ ಒಬ್ಬರು ಎದ್ದು, ಮಾತು ಅಂದರೆ ನಮ್ಮ ಉಪದೇಶಿಗಳದು, ಎಂಥ ಪರೀಕ್ಷೆ ಬಂದರೂ ಕದಲಲಿಲ್ಲ ಎಂದು ಸಾಕ್ಷಿ ಹೇಳಿದರಂತೆ. ಕೆಲವರು ಹಲ್ಲೆಲೂಯ ಅಂದರಂತೆ. ಇದನ್ನು ಕೇಳಿದ ದಿನದಿಂದ ಮಾಮನ ಮನೆಯ ಕಡೆ ಹೋಗುವುದನ್ನೇ ಬಿಟ್ಟೆ. ಅಮ್ಮ ಸಾರು ಕಳಿಸಿದರೆ ಬೇರೆಯವರ ಕೈಲಿ ಕೊಟ್ಟು ಕಳಿಸುತ್ತಿದ್ದೆ. ಅವರು ತಿನ್ನುವುದು ಕಡಿಮೆಯಾಗಿದೆ, ಉಪದೇಶದ ನಡುವೆ ಮಾತು ನಿಂತುಹೋಗುತ್ತದೆ ಎಂದು ಅವರಿವರು ಹೇಳಿದರೂ ನನ್ನ ಸಿಟ್ಟು ಇಳಿಯಲಿಲ್ಲ.

ಮಳೆಗಾಲದಲ್ಲಿ ಕಸಿಯ ಕೆಲಸ ಜೋರಾಗಿದ್ದಾಗ ಒಂದು ಮಧ್ಯಾಹ್ನ ಅವರು ಬಂದು ನನ್ನ ಎದುರಿಗೆ ನಿಂತರು. ಬಹಳ ಇಳಿದುಹೋಗಿದ್ದರು. ನಾನು ಕೂರಿ ಎನ್ನಲಿಲ್ಲ.

‘ಸಾವಿತ್ರಿ, ನೀನು ನೋಡಿದ್ಯಲ್ಲ. ಹೆಂಗಿತ್ತು ಮುಖ?’

ನಾನು ಚಾಕು ಕೆಳಗಿಡದೆ, ‘ನಿಮ್ಮ ಮುಂದೇನೇ ಇತ್ತಲ್ಲ ಮಾಮ’ ಎಂದೆ.

‘ಅದು ಬಿಡು. ನೋವಿತ್ತಾ, ಇಲ್ವಾ? ಬಾಯಿ ಮುಚ್ಚಿತ್ತಾ? ಅಷ್ಟು ಹೇಳು ಸಾಕು.’

‘ಹೇಳಲ್ಲ’ ಎಂದೆ.

ನಾನು ತಲೆಯೆತ್ತದೆ ಮತ್ತೆರಡು ಸಸಿ ಕಟ್ಟಿದೆ. ಬಲೆಯ ಮೇಲೆ ಹನಿ ಬೀಳತೊಡಗಿತು. ‘ಬರ್ತೀನಿ ಮಗಾ’ ಎಂದು ಹೊರಟುಹೋದರು. ಒಂಬತ್ತನೆಯ ದಿನ ಬೆಳಿಗ್ಗೆ ಅವರಿಗೆ ಹಾಲು ಕೊಡಲು ಹೋದವರು ನೋಡಿದಾಗ ಗೋಡೆಯ ಕಡೆ ತಿರುಗಿ ಮಲಗಿದ ಹಾಗೆಯೇ ಪ್ರಾಣ ಹೋಗಿತ್ತು.

ನೋವಿರಲಿಲ್ಲ ಮಾಮ. ಬಾಯಿ ಮುಚ್ಚಿತ್ತು. ಹಣೆಯ ಮೇಲಿನ ಗೆರೆಗಳೆಲ್ಲ ಹೋಗಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗಿನ ಮುಖವೇ ಬಂದಿತ್ತು. ಎಡಗಣ್ಣು ಮಾತ್ರ ಎಷ್ಟು ಮುಚ್ಚಿದರೂ ಕೂಡಿರಲಿಲ್ಲ, ಒಂದು ಕೂದಲೆಳೆಯಷ್ಟು ತೆರೆದೇ ಇತ್ತು. ಹೇಳುವುದಕ್ಕೆ ಅರ್ಧ ನಿಮಿಷ ಸಾಕಿತ್ತು.